ಹದಿನಾಲ್ಕನೇ ನಿಮಿಷದ ಸದ್ದು

ಜಗಳೂರು
14 ಸೆಪ್ಟೆಂಬರ್ 2021, ಮಂಗಳವಾರ

ಪ್ರೀತಿಯ ಗುರಣ್ಣನಿಗೆ ರುದ್ರಾಣಿಯ ಶರಣು.

ನ್ಯಾಮತಿಯಲ್ಲಿ ಊಟ ತಿಂಡಿ ಹೇಗೆ ನಡೆದಿದೆ? ಅಂಗನವಾಡಿ ಗೋಡೆಗೆ ಚಿತ್ರ ಬರೆಯುತ್ತಾ ಇಡೀ ದಿನ ಏಣಿ ಮೇಲೆ ನಿಂತರೆ ನಿನ್ನ ಮೊಣಕಾಲು ಊದುತ್ತದೆ ಅಂತ ನನಗೆ ಗೊತ್ತು. ಸಂಜೆ ಬಿಸಿನೀರಿನ ಕಾವು ಕೊಟ್ಟುಕೋ. ಎರಡನೇ ಲಸಿಕೆ ಹಾಕಿಸಿಕೊಂಡೆಯಾ ಇಲ್ಲವಾ? ವಾಟ್ಸಾಪಿನಲ್ಲಿ ಎರಡು ಸಲ ಕೇಳಿದೆ, ಎರಡು ಸಲವೂ ಹಾರಿಸಿಬಿಟ್ಟೆ. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಕೂಸಿಗೆ ಆರು ತಿಂಗಳು ತುಂಬಿತು. ರಾಗಿ ಸರಿ ತಿನ್ನಿಸಲು ಶುರು ಮಾಡಿದ್ದೇನೆ, ಅರ್ಧ ಅದರ ಹೊಟ್ಟೆಗೆ, ಅರ್ಧ ನನ್ನ ನೈಟಿಗೆ. ಒಂದು ಕೆಮ್ಮು ಬಂದರೂ ಹಣೆ ಮುಟ್ಟುತ್ತೇನೆ, ಮೂಗಿನ ಹತ್ತಿರ ಬೆರಳು ಹಿಡಿದು ಉಸಿರು ನೋಡುತ್ತೇನೆ. "ಏ ತಾಯಿ, ಮಲಗಿದ ಕೂಸನ್ನ ನೀನೇ ಎಬ್ಬಿಸ್ತೀಯಲ್ಲೇ" ಅಂತ ನಮ್ಮ ಮನೆಯವರು ಬೈಯುತ್ತಾರೆ. ನಿದ್ದೆ ನನ್ನ ಕಡೆ ಬರುವುದನ್ನೇ ಬಿಟ್ಟಿದೆ. ಅಪ್ಪಾಜಿ ಹೋಗಿ ವರ್ಷ ತುಂಬಿಲ್ಲ, ಗೌರಿ ಹಬ್ಬಕ್ಕೆ ಬಾಗಿನ ತರಬೇಡ ಅಂತ ನಾನೇ ನಿನಗೆ ಹೇಳಿದ್ದೆ. ಆದರೂ ಅವತ್ತು ನಾಲ್ಕು ಸಲ ಬಾಗಿಲಿಗೆ ಹೋಗಿ ನೋಡಿದೆ.

ಮೆಸೇಜ್ ಬಿಟ್ಟು ಕಾಗದ ಯಾಕೆ ಬರೆದಿದ್ದಾಳೆ ಅಂತ ಆಗಲೇ ಹುಬ್ಬು ಗಂಟಿಕ್ಕಿರುತ್ತೀಯ. ಮೆಸೇಜನ್ನು ನೀನು ಏಣಿ ಮೇಲೆ ನಿಂತೇ ಓದುತ್ತೀಯ. ಇದನ್ನು ಕೆಳಗಿಳಿದು ಬಂದು, ಕೂತು ಓದು.

ನಿನ್ನ ಸಿನಿಮಾದ ವಿಷಯ. ಹುಟ್ಟಿದಾಗಿನಿಂದ ಕಿವಿ ಕೇಳದ ನಿನಗೆ ಸದ್ದಿನ ಬಗ್ಗೆ ಬರೆಯಬೇಕಾಗಿದೆ, ಎಲ್ಲಿಂದ ಹಿಡಿಯಲಿ ಅಂತ ತಿಳಿಯುತ್ತಿಲ್ಲ. ಲಾಕ್‌ಡೌನಿನಲ್ಲಿ ಚನ್ನಗಿರಿ ಮನೆಯಲ್ಲಿ ಒಬ್ಬನೇ ಉಳಿದು ಫೋನಿನಲ್ಲಿ ತೆಗೆದದ್ದನ್ನೆಲ್ಲ ಜೋಡಿಸಿ, 'ಬಾಯಿ ಕಾಣದ ದಿನಗಳು' ಅಂತ ಹೆಸರಿಟ್ಟು ಕಳಿಸಿದ್ದೆ. ಇಪ್ಪತ್ತೆರಡು ನಿಮಿಷ. ಜೊತೆಗೆ, "ಚಿತ್ರ ನಂದು, ಸದ್ದು ನಿಂದು. ಬೇಡದ್ದು ತೆಗೆ" ಅಂತ ಒಂದು ಸಾಲು. ಕಾಲೇಜಿನಲ್ಲಿ ಪತ್ರಿಕೋದ್ಯಮ ಓದಿದ್ದು ಕೊನೆಗೂ ಕೆಲಸಕ್ಕೆ ಬಂತಲ್ಲ ಅಂತ ನನಗೆ ಹಿಗ್ಗು. ಕೂಸಿಗೆ ಹಾಲು ಕುಡಿಸುವಾಗಲೂ ಇಯರ್‌ಫೋನ್ ಹಾಕಿಕೊಂಡೇ ಕೂರುತ್ತಿದ್ದೆ. "ಕಿವಿಗೆ ಆ ದಾರ ಸಿಗಿಸ್ಕಂಡು ಕೂತ್ರೆ ಕೂಸು ಅತ್ತಿದ್ದು ಹೆಂಗೆ ಕೇಳ್ಬೇಕೇ? ನಿಮ್ಮಣ್ಣನ ಸಿನಿಮಾದಾಗೆ ಫೈಟಿಂಗಾದ್ರೂ ಐತಾ?" ಅಂತ ಅತ್ತೆ ದಿನಾ ರೇಗಿಸುತ್ತಿದ್ದರು.

ಎಷ್ಟು ಚೆನ್ನಾಗಿ ತೆಗೆದಿದ್ದೀಯ ಅಣ್ಣ. ಮೆಡಿಕಲ್ ಶಾಪಿನವನ ಮಾಸ್ಕು ಉಬ್ಬುತ್ತದೆ, ಇಳಿಯುತ್ತದೆ. ಅವನೇನು ಕೇಳುತ್ತಿದ್ದಾನೆ ಅಂತ ತಿಳಿಯದೆ ನಿನ್ನ ಕೈ ಔಷಧಿ ಚೀಟಿಯನ್ನು ಮುಂದಕ್ಕೆ ಹಿಡಿದೇ ಇರುತ್ತದೆ. ಹಾಲು ಹಾಕುವ ಚೌಡಮ್ಮ ಗೇಟಿನಾಚೆ ನಿಂತು ಮೂಗಿನವರೆಗೆ ಸೆರಗು ಹಿಡಿದು ಮಾತಾಡುತ್ತಾಳೆ, ನೀನು ಅವಳ ಕಣ್ಣು ನೋಡಿ ನಗುತ್ತಾ ತಲೆ ಆಡಿಸುತ್ತೀಯ. ಆಕೆ ಅಂದದ್ದು ನಗುವ ಮಾತಾಗಿರಲಿಲ್ಲ. "ನಮ್ಮನೇಲೂ ಬಂದೈತೆ ಕಣಪ್ಪ, ನಾಳೆಯಿಂದ ಬರಾಕಾಗಲ್ಲ" ಅಂದಿದ್ದಳು. ಅದನ್ನು ನಾನು ತೆಗೆಯಲಿಲ್ಲ. ನೋಡುವವರಿಗೆ ನಿನ್ನ ಆ ದಿನಗಳು ಅರ್ಥವಾಗುವುದೇ ಅಲ್ಲಿ.

ಹದಿನಾಲ್ಕನೇ ನಿಮಿಷದಲ್ಲಿ, ಸ್ಟೂಲಿನ ಮೇಲೆ, ತೀರಿಹೋದ ಅಮ್ಮನ ಆ ಹಳೆಯ ಫೋನು ಬೆಳಗುತ್ತದೆ. ಚನ್ನಗಿರಿ ಬಸ್ ಸ್ಟ್ಯಾಂಡಿನಲ್ಲಿ "ಹೊನ್ನಾಳಿ, ನ್ಯಾಮತಿ" ಅಂತ ಒಂದು ಕೂಗು ಹಾಕಿದರೆ ಇಡೀ ಸರ್ಕಲ್ಲಿಗೆ ಕೇಳುತ್ತಿದ್ದ ಕಂಡಕ್ಟರ್ ಮುರುಗೇಶಪ್ಪನಿಗೆ, ನಮ್ಮ ಅಪ್ಪಾಜಿಗೆ, ಕಿವಿ ಕೇಳದ ಮಗ. ನಿನ್ನ ಕೈಸನ್ನೆಯನ್ನು ಅಮ್ಮ ಕಲಿತಳು, ನಾನು ಕಲಿತೆ, ಅಪ್ಪಾಜಿ ಕಲಿಯಲೇ ಇಲ್ಲ. ಏನಿದ್ದರೂ ಟಿಕೆಟ್ಟಿನ ಹಿಂದೆ ಗೀಚಿ ಕೊಡುತ್ತಿದ್ದರು. ಆಂಬುಲೆನ್ಸ್ ಹತ್ತುವ ಮೊದಲೂ ಹಾಗೇ ಬರೆದು ಕೊಟ್ಟರಲ್ಲ: "ದಿನಾ ಸಂಜೆ ಏಳಕ್ಕೆ ಅಮ್ಮನ ಫೋನಿಗೆ ಮಾಡ್ತೀನಿ. ಲೈಟು ಬಂದ್ರೆ ಹಸಿರು ಒತ್ತು. ಒತ್ತಿದ್ರೆ ನೀನು ಆರಾಮಿದೀಯ ಅಂತ ತಿಳ್ಕಂತೀನಿ." ಒಂಬತ್ತು ಸಂಜೆ ಅವರು ಮಾಡಿದರು, ಒಂಬತ್ತು ಸಂಜೆಯೂ ನೀನು ಒತ್ತಿದೆ. ಒಂದು ಸಂಜೆ ಮಾತ್ರ ಕ್ಯಾಮೆರಾದಲ್ಲಿ ಹಿಡಿದೆ. ಮೇ ಹದಿನೆಂಟು. ಮಾರನೇ ಬೆಳಗ್ಗೆ ಅಪ್ಪಾಜಿ ಇರಲಿಲ್ಲ.

ಹನ್ನೊಂದನೇ ದಿನ ಹೊನ್ನಾಳಿಯಿಂದ ಬಂದ ನಿಂಗರಾಜ್ ಚಿಕ್ಕಪ್ಪ ಅಪ್ಪಾಜಿಯ ಫೋನು ತೆಗೆದು ನೋಡಿ, ಮಾಸ್ಕನ್ನು ಗದ್ದಕ್ಕೆಳೆದು, "ಕಿವುಡಂಗೆ ದಿನಾ ಫೋನ್ ಮಾಡ್ಯಾನಲ್ಲ, ಒಡಹುಟ್ಟಿದ ನಂಗೊಂದ್ಸಲ ಮಾಡಾಕೆ ಆಗಲಿಲ್ವಾ" ಅಂದರು. ಎಷ್ಟೋ ದಿನದ ಮೇಲೆ ನಿನಗೆ ಕಂಡ ಮೊದಲ ಬಾಯಿ ಅದು. ಆ ತುಟಿಯಾಡಿದ್ದನ್ನು ನೀನು ಓದಿಬಿಟ್ಟೆ. ಅಮ್ಮನ ಫೋನು ಅವತ್ತೇ ಟ್ರಂಕಿನ ತಳ ಸೇರಿತು. "ಅಪ್ಪಾಜಿಯ ಕೊನೆಯ ಕರೆ ಕಿವಿ ಕೇಳದ ನನ್ನ ಹತ್ತಿರ ಬಂದು ಹಾಳಾಯಿತು" ಅಂತ ನೀನು ಸನ್ನೆ ಮಾಡಿದಾಗ ನಾನು ಅಲ್ಲ ಅನ್ನಲಿಲ್ಲ. ಸುಳ್ಳು ಯಾಕೆ ಹೇಳಲಿ, ನನಗೂ ಹೊಟ್ಟೆ ಉರಿದಿತ್ತು. ನನಗೆ ಅವರು ಮಾಡಿದ್ದು ಎರಡೇ ಸಲ. "ಆರಾಮಿದೀನಿ ಕಣಮ್ಮ, ಕೂಸು ನೋಡ್ಕ" ಅಂದು ಇಟ್ಟುಬಿಟ್ಟಿದ್ದರು.

ಶನಿವಾರ ಸಿನಿಮಾ ವಾಪಸ್ಸು ಕಳಿಸುವಾಗ "ಎಲ್ಲಾ ಸರಿ ಮಾಡಿದ್ದೇನೆ" ಅಂತ ಬರೆದೆನಲ್ಲ, ಸರಿ ಮಾಡಿಲ್ಲ ಅಣ್ಣ. ಆ ಹದಿನಾಲ್ಕನೇ ನಿಮಿಷದಿಂದ ಎರಡೂವರೆ ನಿಮಿಷದ ಸದ್ದು ಅಳಿಸಿದ್ದೇನೆ. ಅಮ್ಮನ ಫೋನಿನ ಸ್ಪೀಕರ್ ಸದಾ ಆನ್ ಇರುತ್ತಿತ್ತು ಅಂತ ನಿನಗೆ ಹೇಗೆ ಗೊತ್ತಿರಬೇಕು? ಅಪ್ಪಾಜಿ ಸುಮ್ಮನೆ ಫೋನು ಹಿಡಿದಿರಲಿಲ್ಲ, ಮಾತಾಡಿದ್ದಾರೆ. ಕೇಳಿ ನಾನು ಇಯರ್‌ಫೋನ್ ಕಿತ್ತಿದ್ದಕ್ಕೆ ಕೂಸು ಹಾಲು ಬಿಟ್ಟು ನನ್ನ ಮುಖವನ್ನೇ ನೋಡಿತು. ಐದು ದಿನವಾಯಿತು. ಹೇಳಿದರೆ ತಡೆದುಕೊಳ್ಳುತ್ತೀಯೋ ಇಲ್ಲವೋ ಅಂತ ಭಯ. ಅಳಿಸಿ ಸುಮ್ಮನಾದರೆ ನಿನ್ನದನ್ನು ಕದ್ದ ಹಾಗೆ. ಹಾಗೇ ಬಿಟ್ಟರೆ ಇಪ್ಪತ್ತಾರರ ಭಾನುವಾರ ನಿನ್ನ ಗೆಳೆಯರು ಹೊನ್ನಾಳಿಯಲ್ಲಿ ತೋರಿಸುವಾಗ ಇಡೀ ಹಾಲ್‌ಗೆ ಕೇಳುತ್ತದೆ, ಚಿಕ್ಕಪ್ಪನಿಗೂ ಕೇಳುತ್ತದೆ, ಮುಂದಿನ ಸಾಲಿನಲ್ಲಿ ಕೂತ ನಿನಗೊಬ್ಬನಿಗೆ ತಿಳಿಯುವುದಿಲ್ಲ.

ಅಪ್ಪಾಜಿ ಹೇಳಿದ್ದನ್ನು ಬರೆಯಲೆಂದೇ ಕೂತವಳು ಪುಟ ತುಂಬಿಸಿದೆ ಅಷ್ಟೇ, ಕೈ ಬರುತ್ತಿಲ್ಲ. ಕೂಸು ಎದ್ದಿತು. ಅತ್ತೆ ನಿನ್ನನ್ನು ತುಂಬಾ ಕೇಳಿದರು. ತಾವೂ ಸಿನಿಮಾ ನೋಡಲು ಬರುತ್ತಾರಂತೆ. ಹೊತ್ತಿಗೆ ಸರಿಯಾಗಿ ಉಣ್ಣು. ದೇವರು ನಿನ್ನನ್ನು ತಣ್ಣಗಿಟ್ಟಿರಲಿ.

ನಿನ್ನ ತಂಗಿ
ರುದ್ರಾಣಿ

ತಾ.ಕ.: ಅಂಚೆ ಕಚೇರಿ ಮುಚ್ಚುತ್ತದೆ ಅಂತ ಇವರು ಗಾಡಿ ಸ್ಟಾರ್ಟ್ ಮಾಡಿಕೊಂಡು ನಿಂತಿದ್ದಾರೆ. ಬರೆದೇಬಿಡುತ್ತೇನೆ. ಕೆಮ್ಮು ಬಿಟ್ಟು ಅಪ್ಪಾಜಿ ಹೇಳಿದ್ದು ಇಷ್ಟು: "ಒತ್ತಿದೆಯಾ ಗುರು? ನಿಂಗೆ ಕೇಳಲ್ಲ ಅಂತ ಗೊತ್ತೈತೆ ಕಣೋ. ಅದ್ಕೇ ನಿಂಗೇ ಹೇಳ್ತೀನಿ. ರುದ್ರಿಗೆ ಹೇಳಿದ್ರೆ ಅತ್ತೂ ಅತ್ತೂ ಎದೆಹಾಲು ಬತ್ತಿಸ್ಕಂತಾಳೆ. ನಿಂಗರಾಜ ಧೈರ್ಯ ತಗಾ ಅಂತಾನೆ. ನಂಗೆ ಭಯ ಆಗ್ತೈತಪ್ಪ. ಪಕ್ಕದ ಮಂಚದಾತನ್ನ ಮಧ್ಯಾಹ್ನ ತಗಂಡೋದ್ರು. ಮನೆಗೆ ಬರ್ಬೇಕು ಅನ್ನುಸ್ತೈತೆ." ಆಮೇಲೆ ತುಂಬಾ ಹೊತ್ತು ಬರೀ ಉಸಿರು. ಆಮೇಲೆ, "ಇನ್ನೂ ಹಿಡ್ಕಂಡಿದೀಯಾ? ಹೂಂ, ಕಟ್ಟಾಗಿಲ್ಲ. ಇದೀಯಾ. ಒಂಚೂರು ಹಂಗೇ ಇರು." ಒಂದು ಮಾತೂ ಬಿಟ್ಟಿಲ್ಲ, ಸೇರಿಸಿಲ್ಲ. ಸದ್ದು ಇರುವ ಪ್ರತಿ ನನ್ನ ಹತ್ತಿರ ಭದ್ರವಾಗಿದೆ. ಸಿನಿಮಾದಲ್ಲಿ ಇಡಬೇಕೋ ಬೇಡವೋ, ನೀನು ಹೇಳಿದಂತೆ.