ಅತ್ತೆಯ ಕಿವಿಗೆ ಬಿದ್ದ ಮ್ಯಾಂಡೊಲಿನ್

ಮನೆಯಿಂದ,
ಹದಿನಾಲ್ಕನೇ ತಾರೀಕು, ಭಾನುವಾರ ಮಧ್ಯಾಹ್ನ

ಪ್ರೀತಿಯ ನಮ್ಮನೆಯವರಿಗೆ,

ಹೇಗಿದ್ದೀರಿ? ಬೆನ್ನುನೋವು ಕಮ್ಮಿ ಆಯ್ತಾ? ಹಡಗಿನ ಇಂಜಿನ್ ರೂಮಿನ ಸೆಕೆಯಲ್ಲಿ ನೀರು ಕುಡಿಯೋದು ಮರೀಬೇಡಿ, ನಿಮಗೆ ಜ್ಞಾಪಿಸೋಕೆ ಅಲ್ಲಿ ನಾನಿಲ್ಲ. ಇಲ್ಲಿ ನಾವು ಮೂವರೂ ಚೆನ್ನಾಗಿದ್ದೀವಿ, ಸದ್ಯಕ್ಕೆ ಹಾಗಂತಾನೇ ಇಟ್ಕೊಳ್ಳಿ. ಮಗಳ ಮ್ಯಾಂಡೊಲಿನ್‌ಗೋಸ್ಕರ ಇನ್ನೂ ಆರು ತಿಂಗಳು ಹಡಗಲ್ಲೇ ಇರ್ತೀನಿ, ಈ ತಿಂಗಳ ಕೊನೆಗೆ ಸಹಿ ಹಾಕ್ತೀನಿ ಅಂತ ಬರೆದಿದ್ರಲ್ಲ, ಆ ಪೆನ್ನು ವಾಪಸ್ ಜೇಬಿಗೆ ಸಿಕ್ಕಿಸ್ಕೊಳ್ಳಿ. ಮ್ಯಾಂಡೊಲಿನ್ ಬಂತು ಕಣ್ರೀ! ನೀವು ಹೋದ ತಿಂಗಳು ಕಳಿಸಿದ್ದ ದುಡ್ಡಲ್ಲೇ ಬಂತು. ಆರಿಸಿದ್ದು ನಾನಲ್ಲ, ನಿಮ್ಮಮ್ಮ.

ಶಾಲೆಯ ಸಂಗೀತದ ಮೇಷ್ಟ್ರು ಒಂದು ಚೀಟಿ ಬರೆದುಕೊಟ್ಟಿದ್ರು. ವಾದ್ಯದ ಕತ್ತು ನೆಟ್ಟಗಿರಲಿ, ತಂತಿ ಬೆರಳೊತ್ತೋ ಪಟ್ಟಿಗೆ ಹತ್ತಿರ ಇರಲಿ, ಇಲ್ಲದಿದ್ರೆ ಮಗುವಿನ ಬೆರಳು ನೋಯುತ್ತೆ, ಮುಂದಿನ ಹಲಗೆ ಒಂದೇ ಮರದ್ದಾಗಿರಲಿ, ಹೊಳಪಿಗೆ ಮರುಳಾಗಬೇಡಿ ಅಂತ. ದಾರಿಯುದ್ದಕ್ಕೂ ಅದನ್ನೇ ಓದ್ಕೊಂಡು ಹೋದ ನಾನು, ಅಂಗಡಿಗೆ ಕಾಲಿಟ್ಟ ತಕ್ಷಣ ಏನು ಮಾಡಿದೆ ಹೇಳಿ? ಕನ್ನಡಿ ಹಾಗೆ ಮಿಂಚ್ತಿದ್ದ ಒಂದು ಕೆಂಪು ಮ್ಯಾಂಡೊಲಿನ್ ಮುಂದೆ ಹೋಗಿ ನಿಂತೆ! ಪರದೆ ಹೊಲಿಯೋ ಕೈ ನನ್ನದು, ಬಣ್ಣ ಕಂಡ್ರೆ ಮುಗೀತು. ನಿಮ್ಮ ಮಗಳು, ಅದೇ ಪಟಾಕಿ, ಆಗಲೇ ಅದನ್ನ ತಬ್ಬಿಕೊಂಡಾಗಿತ್ತು.

ನಿಮ್ಮಮ್ಮ ಅದರ ಕಡೆ ತಿರುಗಿ ಕೂಡ ನೋಡಲಿಲ್ಲ. ಒಂದು ಸ್ಟೂಲು ಎಳೆದುಕೊಂಡು ಅಂಗಡಿಯವರಿಗೆ ಬೆನ್ನು ಹಾಕಿ ಕೂತ್ರು. ಆಮೇಲೆ ಎದ್ದು ಸ್ಟೂಲನ್ನ ಸ್ವಲ್ಪ ಓರೆ ಮಾಡಿದ್ರು. ಮತ್ತೆ ಎದ್ದು ಇನ್ನಷ್ಟು ಓರೆ ಮಾಡಿದ್ರು. ಅಬ್ಬಾ, ಏನು ಗತ್ತು ಅಂದ್ಕೊಂಡೆ ನಾನು. "ಬೆಲೆ ಹೇಳಬೇಡಿ, ಬಣ್ಣ ಹೇಳಬೇಡಿ, ಒಂದೊಂದಾಗಿ ಮೀಟ್ತಾ ಹೋಗಿ" ಅಂತ ಅಪ್ಪಣೆ ಆಯ್ತು. ಬಿಳಿ ಮೀಸೆಯ ಆ ಅಂಗಡಿಯವರು ನಗ್ತಾ ಮೊದಲು ನನ್ನ ಕೆಂಪು ಸುಂದರಿಯನ್ನೇ ಮೀಟಿದ್ರು. "ನೆಗಡಿ ಆದವರ ಹಾಗೆ ಮಾತಾಡುತ್ತೆ" ಅಂದ್ಬಿಟ್ರು ನಿಮ್ಮಮ್ಮ. ಅಂಗಡಿಯವರು ಹಲಗೆಯ ತೂತಿನ ಅಂಚನ್ನ ನನಗೆ ತೋರಿಸಿದ್ರು, ಪದರ ಪದರ ಪ್ಲೈವುಡ್. ನನ್ನ ಮುಖ ಇಷ್ಟೇ ಇಷ್ಟಾಯ್ತು. ಎರಡನೇದರ ದನಿ ಪರವಾಗಿಲ್ಲ, ಆದ್ರೆ ತಂತಿ ಅಷ್ಟೆತ್ತರ, ಪಟಾಕಿ ಒತ್ತಿ ನೋಡಿ "ಉಫ್" ಅಂತ ಬೆರಳು ಊದ್ಕೊಂಡಳು. ಮೂರನೇದು ಮೇಲಿನ ಕಪಾಟಿನಲ್ಲಿ ಧೂಳು ತಿಂತಾ ಕೂತಿತ್ತು. ಮಂಕು ಬಣ್ಣ, ಅಂಚಿನಲ್ಲಿ ಉದ್ದಕ್ಕೆ ಒಂದು ಗೀರು. ಒಂದೇ ಸಲ ಮೀಟಿದ್ದು, ನಿಮ್ಮಮ್ಮ ಕೈ ಎತ್ತಿದ್ರು. "ಇದೇ. ದನಿ ಅಪ್ಪಟ. ಆದ್ರೆ ಮೇಲೆ ಹೋದಂಗೆ ಶ್ರುತಿ ತಪ್ತಿದೆ, ಲೈನ್ ಎಲ್ಲೋ ಸ್ವಲ್ಪ ಜಾರಿದೆ, ನೋಡಿ."

ಅಂಗಡಿಯವರು ಅದನ್ನ ಬೆಳಕಿಗೆ ಹಿಡಿದ್ರು. ಅದು ಒಂದು ಸಲ ಕೈ ಜಾರಿ ಬಿದ್ದಿತ್ತಂತೆ, ಕತ್ತು ಸೊಟ್ಟ ಆಗಿರಬೇಕು ಅಂದ್ಕೊಂಡು ಮತ್ತೆ ನೋಡದೇ ಅರ್ಧ ಬೆಲೆಗೆ ಮೇಲೆ ಇಟ್ಟುಬಿಟ್ಟಿದ್ರಂತೆ. ಈಗ ಒಂದು ಕಣ್ಣು ಮುಚ್ಚಿ ಕತ್ತಿನುದ್ದಕ್ಕೂ ನೋಡಿದ್ರೆ, ಗೆರೆ ಎಳೆದ ಹಾಗೆ ನೆಟ್ಟಗಿದೆ! ತಂತಿ ಹೊತ್ತುಕೊಳ್ಳೋ ಕುದುರೆ ಮಾತ್ರ ನೂಲಿನಷ್ಟು ಪಕ್ಕಕ್ಕೆ ಸರಿದಿತ್ತು, ಅಷ್ಟೆ. ಅದನ್ನ ಜಾಗಕ್ಕೆ ತಂದು ಮತ್ತೆ ಮೀಟಿದ್ರು ನೋಡಿ, ನನ್ನಂಥ ಒರಟು ಕಿವಿಯವಳಿಗೂ ಮೈ ಜುಂ ಅಂತು. ಪುಣ್ಯಾತ್ಮ ಬೆಲೆ ಏರಿಸಲಿಲ್ಲ. ಮೇಲೆ ಒಂದು ಜೊತೆ ತಂತಿನೂ ಕೊಟ್ಟು, "ಅಮ್ಮಾ, ವಾರಕ್ಕೊಂದು ಸಲ ಸುಮ್ನೆ ಬಂದು ಕೂತು ಹೋಗಿ" ಅಂದ್ರು.

ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಇಪ್ಪತ್ತೆಂಟು ವರ್ಷ ಊರವರಿಗೆಲ್ಲ ಲೈನ್ ಜೋಡಿಸಿದ ಕಿವಿ ಅಲ್ವಾ ಅದು. ಒಂದು ಹಲೋ ಕೇಳಿದ್ರೆ ಸಾಕಿತ್ತಂತೆ, ಆ ಕಡೆಯವರು ಅತ್ತಿದ್ದಾರಾ, ಸುಳ್ಳು ಹೇಳ್ತಿದ್ದಾರಾ ಅಂತ ಗೊತ್ತಾಗ್ತಿತ್ತಂತೆ. ನಿಜ ಹೇಳ್ತೀನಿ, ಅಡುಗೆಮನೆಯಲ್ಲಿ ನಾನು ಬಾಯೊಳಗೇ ಗೊಣಗಿದ್ದಕ್ಕೆ ಹಜಾರದಿಂದ ಉತ್ತರ ಬರ್ತಿತ್ತಲ್ಲ, ಆ ಕಿವಿಗೆ ಹನ್ನೆರಡು ವರ್ಷ ಶಾಪ ಹಾಕಿದ್ದೀನಿ. ಈ ನಡುವೆ ನಾನು ಎಷ್ಟು ಗೊಣಗಿದ್ರೂ ಏನೂ ಅಂತಿರಲಿಲ್ಲ, ಪಾಪ, ಮೆತ್ತಗಾಗಿದ್ದಾರೆ ಅಂದ್ಕೊಂಡಿದ್ದೆ. ಅವತ್ತು ಅಂಗಡಿಯಲ್ಲಿ ಮಾತ್ರ ಅವರ ಸೊಸೆ ಅನ್ನೋಕೆ ಹೆಮ್ಮೆ ಆಯ್ತು ಕಣ್ರೀ. ಇನ್ಮೇಲೆ ನಿಮ್ಮಮ್ಮ ಅನ್ನಲ್ಲ, ಅತ್ತೆ ಅಂತೀನಿ. ಪಟಾಕಿ ದಿನಾ ಸಂಜೆ ಅವರ ಬಲಗಡೆ ಕೂತು ನುಡಿಸ್ತಾಳೆ, ಎಡಗಡೆ ಕೂತ್ರೆ ಎಬ್ಬಿಸಿ ಕಳಿಸ್ತಾರೆ. ಶಾಲೆಯ ತಂಡಕ್ಕೂ ಸೇರಿಸ್ಕೊಂಡ್ರು.

ಅತ್ತೆ ಆಶೀರ್ವಾದ ತಿಳಿಸು ಅಂದ್ರು. ಪಟಾಕಿಯ ಮುತ್ತು ಕಾಗದದ ಮೂಲೆಯಲ್ಲಿದೆ, ಒದ್ದೆಯಾಗಿರೋ ಕಡೆ ನೋಡಿ.

ನಿಮ್ಮವಳು,
ಹೊಳಪಿನ ಹುಚ್ಚಿ

ತಾ.ಕ.: ಅತ್ತೆ ಲಕೋಟೆಗೆ ಅಂಟು ತರೋಕೆ ಒಳಗೆ ಹೋಗಿದ್ದಾರೆ, ಅಷ್ಟರಲ್ಲಿ ಬರೀತಿದ್ದೀನಿ. ನಿಮಗೆ ಹೇಳಬೇಡ ಅಂತ ಆಣೆ ಹಾಕಿಸಿದ್ದಾರೆ, ಫೋನಲ್ಲಿ ಹೇಳೋಣ ಅಂದ್ರೆ ಪಕ್ಕದಲ್ಲೇ ಇರ್ತಾರೆ. ಅವರ ಎಡಗಿವಿ ಪೂರ್ತಿ ಹೋಗಿದೆ. ಬಲಗಿವಿನೂ ಹೆಚ್ಚು ದಿನ ಇರಲ್ಲ, ಮೂರು ತಿಂಗಳೋ ನಾಲ್ಕೋ ಅಂದ್ರು ಡಾಕ್ಟರು. ಆ ಸ್ಟೂಲು ಓರೆ ಮಾಡಿದ್ದು ಗತ್ತಿಗಲ್ಲ. ನನ್ನ ಗೊಣಗಾಟ ಸಹಿಸ್ಕೊಂಡಿದ್ದೂ ಅಲ್ಲ, ಅದು ಕೇಳಿಸ್ತಾನೇ ಇರಲಿಲ್ಲ. ಆರು ತಿಂಗಳ ಆ ಕಾಗದಕ್ಕೆ ಸಹಿ ಹಾಕಬೇಡಿ, ನಿಮ್ಮ ದಮ್ಮಯ್ಯ, ಬಂದುಬಿಡಿ. ಮನೆಗೆ ಬಂದಾಗ ಬಾಗಿಲಲ್ಲೇ "ಅಮ್ಮಾ" ಅಂತ ಕೂಗ್ತೀರಲ್ಲ, ಹಾಗೇ ಕೂಗಿ. ಬಲಗಡೆ ನಿಂತು ಕೂಗಿ.