ಹಾಡಲು ಬರುತ್ತೇವೆ ಎಂದಿದ್ದೆ

ಬನಹಟ್ಟಿ
೨೮ ಡಿಸೆಂಬರ್ ೨೦೨೪

ಮುದ್ದಿನ ಕರುಣಾ,

ಹೇಗಿದ್ದೀಯ ಮಗಳೇ? ಮಿರಜದಲ್ಲಿ ಚಳಿ ಹೆಚ್ಚಂತೆ, ನೈಟ್ ಡ್ಯೂಟಿಗೆ ಸ್ವೆಟರ್ ಮರೆಯಬೇಡ. ಕ್ರಿಸ್ಮಸ್ ಹಬ್ಬದ ದಿನ ಆಸ್ಪತ್ರೆಯಲ್ಲಿ ಏನು ಉಂಡೆ ಎಂದು ನಿಮ್ಮಪ್ಪ ಕೇಳುತ್ತಲೇ ಇದ್ದಾರೆ. ಅಜ್ಜಿ ಹುಷಾರಾಗಿದ್ದಾರೆ, ನಿನಗೆಂದು ತೆಗೆದಿಟ್ಟ ಕರ್ಚಿಕಾಯಿಯನ್ನು ಕದ್ದು ತಿನ್ನುವಷ್ಟು. ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಹಬ್ಬದ ಹಿಂದಿನ ವಾರ ಅಜ್ಜಿಯನ್ನು ಜಮಖಂಡಿಯ ಡಾಕ್ಟರಿಗೆ ತೋರಿಸಿ ಆಟೋದಲ್ಲಿ ಬರುತ್ತಿದ್ದೆ. ಕಬ್ಬಿನ ಟ್ರ್ಯಾಕ್ಟರ್ ಪಲ್ಟಿಯಾಗಿ ರಸ್ತೆ ಪೂರ್ತಿ ಬಂದ್. ಅಜ್ಜಿಗೆ ಸಕ್ಕರೆ ಇಳಿದು, ಮೈ ಬೆವರಿ, ಮಾತು ತೊದಲತೊಡಗಿತು. ನಾನೋ ಮದುವೆ ಸೀರೆಯ ಗಿರಾಕಿಗಳಿಗೆ ಫೋನಿನಲ್ಲಿ ಉತ್ತರ ಕೊಡುತ್ತಿದ್ದೆ. ಚೀಲದಲ್ಲಿ ಒಂದು ಪೆಪ್ಪರಮಿಂಟೂ ಇರಲಿಲ್ಲ. ಪಕ್ಕದ ಹೊಲದಲ್ಲಿ ಕಬ್ಬು ಕಡಿಯುತ್ತಿದ್ದ ಹೆಂಗಸೊಬ್ಬಳು ಕೋಯ್ತಾ ಕೆಳಗಿಟ್ಟು ಓಡಿ ಬಂದಳು. ರೇಷ್ಮಾ ಎಂದು ಹೆಸರು, ಮಹಾರಾಷ್ಟ್ರದ ಬೀಡ್ ಕಡೆಯವಳು. ಪ್ರತಿ ಸೀಜನ್ನಿಗೂ ಬಂದು ಬಂದು ಕನ್ನಡ ಕಲಿತಿದ್ದಾಳೆ. "ಫೋನ್ ಆಮ್ಯಾಲೆ ಮಾಡೀರಂತ ಅಕ್ಕಾ, ಮೊದಲ ಮುದುಕಿ ಕಾಲು ಹಿಡೀರಿ" ಎಂದು ಗದರಿದಳು. ನನ್ನ ಜೊತೆ ಅಜ್ಜಿಯನ್ನು ಎತ್ತಿ ತಂದು, ತನ್ನ ಗುಡಿಸಲಿನಲ್ಲಿ ಮಲಗಿಸಿ ಬೆಲ್ಲದ ಚಹಾ ಕುಡಿಸಿದಳು. ಆಮೇಲೆ ತಲೆಗೆ ಸೆರಗು ಹೊದ್ದು, ಅಜ್ಜಿಯ ಹಣೆ ಮುಟ್ಟಿ "ಪ್ರಭು ಯೇಸು" ಎಂದಾಗ ನಾನು ಬೆರಗಾದೆ. ಕರ್ತನ ಪ್ರಾರ್ಥನೆಯನ್ನು ಅವಳು ಮರಾಠಿಯಲ್ಲಿ, ಅಜ್ಜಿ ಕನ್ನಡದಲ್ಲಿ, ಕಾನ್ವೆಂಟಿನ ನಾನು ಇಂಗ್ಲಿಷಿನಲ್ಲಿ ಹೇಳಿದೆವು. ಅಜ್ಜಿಯೇ ಮೊದಲು ಮುಗಿಸಿ, "ಆಮೆನ್ ಅನ್ನಾಕ ಕಾಯಾಕತ್ತೇನಿ, ಲಗೂ ಮುಗಸ್ರಿ" ಎಂದಾಗ ನನಗೆ ಹೋದ ಜೀವ ಬಂತು.

ಹೊರಡುವಾಗ ರೇಷ್ಮಾ ಒಂದೇ ಮಾತು ಕೇಳಿದಳು. "ಹಬ್ಬಕ್ಕ ನೀವು ಮನಿಮನಿಗೆ ಹಾಡಾಕ ಹೋಗ್ತೀರಲ್ರಿ, ನಮ್ಮ ಕಡೆನೂ ಬರ್ರಿ ಅಕ್ಕಾ. ಊರು ಬಿಟ್ಟು ಬಂದಾಗಿಂದ ನಮ್ಮ ಬಾಗಲಿಗೆ ಯಾರೂ ಬಂದಿಲ್ಲ." ಖಂಡಿತ ಬರುತ್ತೇವೆ ಎಂದೆ.

ನಮ್ಮ ಚರ್ಚಿನ ಕ್ಯಾರಲ್ ಹಾಡುವ ತಂಡ ಯಾವ ಮನೆಗಳಿಗೆ ಹೋಗಬೇಕೆಂದು ಹೇಳುವವಳು ನಾನೇ ತಾನೆ. ಪಾಸ್ಟರ್ ರಾಜಕುಮಾರ್ ಫೋನ್ ಮಾಡಿದಾಗ ಅಂಗಡಿ ತುಂಬ ಜನ. "ಹೋದ ವರ್ಷದ ಹಾಗೇ ಮಾಡಿಬಿಡ್ರಿ" ಎಂದುಬಿಟ್ಟೆ. ಹೋದ ವರ್ಷದ ಮನೆಗಳಲ್ಲಿ ಆ ಗುಡಿಸಲು ಎಲ್ಲಿತ್ತು? ನೆನಪಾದದ್ದು ಕ್ರಿಸ್ಮಸ್ ಆರಾಧನೆಯ ನಡುವೆ. ಅಲ್ಲಿಂದಲೇ ಕೇಕ್ ಹಿಡಿದು ಹೋದೆ. ಹೊಲ ಬೋಳಾಗಿತ್ತು, ಗುಡಿಸಲುಗಳಿರಲಿಲ್ಲ. ಹೊಲದ ಒಡೆಯ ಹುಲೆಪ್ಪ ಹೇಳಿದ: "ನಿನ್ನೆ ಹ್ವಾದ್ರು ನೋಡ್ರಿ. ಆ ಹೆಣ್ಣುಮಗಳು ದಿನಾ ಸಂಜಿಗೆ ಚಹಾದ ನೀರು ಇಟ್ಟು ಕುಂದರ್ತಿದ್ಳು, ಯಾರೋ ಹಾಡವರು ಬರ್ತಾರಂತ."

ಕೆಲಸದ ಗಡಿಬಿಡಿ ಎಂದು ಸಮಾಧಾನ ಮಾಡಿಕೊಳ್ಳಲು ನೋಡಿದೆ. ಆದರೆ ಅವಳಿಗೇನು ಅಂದು ಬಿಡುವಿತ್ತೇ?

ನೀನು ಆರೈಕೆ ಮಾಡುವವರ ಜೊತೆಗೆ ನಿನ್ನನ್ನೂ ಕರ್ತನು ತನ್ನ ಕೈಯಲ್ಲಿ ಹಿಡಿದಿರಲಿ. ಗೆಳತಿಯರಿಗೆಲ್ಲ ನನ್ನ ನೆನಪು ತಿಳಿಸು.

ನಿನ್ನ
ಅವ್ವ

ತಾ.ಕ.: ಅವರ ಗ್ಯಾಂಗನ್ನು ಕೆಲಸಕ್ಕೆ ಕರೆತರುವ ಮುಕಾದಮ ನಾಮದೇವನ ನಂಬರ್ ಸಿಕ್ಕಿತು. ಈಗ ಮಿರಜದ ಹತ್ತಿರವೇ ಕಬ್ಬು ಕಡಿಯುತ್ತಿದ್ದಾರಂತೆ. ಹೊಸ ವರ್ಷದ ಮೊದಲ ಭಾನುವಾರ ರಜೆ ಕೇಳು, ಹಾಡಲು ಬರುವ ಹುಡುಗಿಯರನ್ನು ಕರೆದುಕೋ. ಅಂಗಡಿ ಮುಚ್ಚಿ ನಾನೂ ಬರುತ್ತೇನೆ. ನನ್ನ ಮುಖ ನೋಡಲು ಅವಳಿಗೆ ಮನಸ್ಸಿಲ್ಲದಿದ್ದರೆ ನೀವು ಒಳಗೆ ಹೋಗಿ ಹಾಡಿ. ನಾನು ರಸ್ತೆಯಲ್ಲೇ ನಿಂತಿರುತ್ತೇನೆ.