ಎಡಗಡೆ ಕುರ್ಚಿ

ಪುಟ್ಟೀ,

ನಿನ್ನಪ್ಪ ಕರೆಯುವ ಹೆಸರಿನಿಂದಲೇ ಶುರುಮಾಡಿದ್ದೇನೆ. ಮೊದಲು ‘ಮಗಳೇ’ ಎಂದು ಬರೆದು ಹೊಡೆದುಹಾಕಿದೆ. ನಿನ್ನಪ್ಪನನ್ನು ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ನೀನು ನನ್ನನ್ನು ಏನೆಂದೂ ಕರೆದಿಲ್ಲ. ನಾನಾಗಿ ಕೇಳುವ ಧೈರ್ಯ ನನಗಿಲ್ಲ.

ನನ್ನ ಕೆಲಸ ನಿನಗೆ ಗೊತ್ತಲ್ಲ, ಪ್ರಯೋಗಾಲಯದಲ್ಲಿ ಮೀನು ನೋಡುವುದು. ಉದ್ದನೆಯ ತೊಟ್ಟಿಯ ನಡುವೆ ಒಂದು ಅಡ್ಡಹಲಗೆ ಇಡುತ್ತೇವೆ. ಆಚೆ ಹೋಗಬೇಕಾದರೆ ಮೀನು ಅದನ್ನು ಸುತ್ತಿಕೊಂಡೇ ಹೋಗಬೇಕು. ಕೆಲವಕ್ಕೆ ಎಡವೇ ಆಗಬೇಕು, ಕೆಲವಕ್ಕೆ ಬಲವೇ. ಅದು ಅವುಗಳ ಹುಟ್ಟುಗುಣ. ಇನ್ನು ಕೆಲವು ಹೆದರಿದಾಗ ಮಾತ್ರ ಬದಿ ಬದಲಿಸುತ್ತವೆ.

ಈ ಹಾಳು ವಿದ್ಯೆಯನ್ನು ನಾನು ಮನೆಗೆ ತರಬಾರದಿತ್ತು. ಬೆಳಗ್ಗೆ ಶಾಲೆಗೆ ಹೊರಡುವಾಗ ನೀನು ಊಟದ ಮೇಜನ್ನು ಬಲಗಡೆಯಿಂದಲೇ ಸುತ್ತುತ್ತೀಯ. ಅದು ಸುತ್ತುದಾರಿ. ಬಾಗಿಲಿಗೆ ಹತ್ತಿರದ ದಾರಿ ಎಡಗಡೆಯದು. ಅಲ್ಲಿ ನನ್ನ ಕುರ್ಚಿಯಿದೆ. ಇದು ಕಣ್ಣಿಗೆ ಬಿದ್ದ ದಿನದಿಂದ ಬೆಳಗಾದರೆ ನಿನ್ನ ಹೆಜ್ಜೆಯನ್ನೇ ನೋಡುತ್ತಾ ಕೂರುತ್ತೇನೆ. ನನ್ನ ಪಕ್ಕ ಹಾಯುವುದೂ ನಿನಗೆ ಬೇಡವೇ? ನಿನ್ನಪ್ಪನಿಗೆ ಹೇಳಿದರೆ, “ಅವಳೇನು ಮೀನಾ? ಹಗ್ಗ ನೋಡಿ ಹಾವು ಅನ್ಬೇಡ, ಸುಮ್ನೆ ಊಟ ಮಾಡು” ಎಂದು ನಕ್ಕರು. ಅವರಿಗೇನು, ನಗುತ್ತಾರೆ. ನೀನು ಅವರ ಹೆಗಲ ಮೇಲೆ ಬೆಳೆದವಳು.

ತೊಟ್ಟಿಯಲ್ಲಾದರೆ ಈ ಅನುಮಾನಕ್ಕೆ ಮದ್ದಿದೆ. ಒಂದು ಬದಿಯಲ್ಲಿ ಏನೋ ಹೆದರಿಸುತ್ತಿದೆ ಅನ್ನಿಸಿದರೆ ಅದನ್ನೆತ್ತಿ ಇನ್ನೊಂದು ಬದಿಗೆ ಇಡುತ್ತೇವೆ. ಮೀನು ಹಳೆಯ ದಾರಿಯನ್ನೇ ಹಿಡಿದರೆ ಅಭ್ಯಾಸ. ದಾರಿ ಬದಲಿಸಿದರೆ ಹೆದರಿಕೆ. ಕುರ್ಚಿ ಬದಲಿಸುವುದು ಎಷ್ಟರ ಕೆಲಸ? ಆದರೂ ನಾಳೆ, ನಾಳೆ ಎಂದು ತಳ್ಳುತ್ತಲೇ ಬಂದೆ. ನೀನು ಎಡಕ್ಕೆ ತಿರುಗಿಬಿಟ್ಟರೆ, ಆಮೇಲೆ ಈ ಮನೆಯಲ್ಲಿ ನಾನು ಹೇಗಿರಲಿ?

ಇವತ್ತು ಮನಸ್ಸು ಗಟ್ಟಿಮಾಡಿ ಬಲಗಡೆ ಕುಳಿತೆ. ನೀನು ಅರೆನಿದ್ದೆಯಲ್ಲಿ, ಒಂದು ಕಾಲಿಗೆ ಮಾತ್ರ ಸಾಕ್ಸ್ ಹಾಕಿಕೊಂಡು, ಬಲಕ್ಕೇ ಬಂದೆ. ನಿನ್ನ ಬ್ಯಾಗು ನನ್ನ ಮೊಣಕೈಗೆ ಬಡಿಯಿತು. ನಿಂತು, ಹುಬ್ಬು ಗಂಟಿಕ್ಕಿ, ನೀನು ಕೇಳಿದ್ದು ಇಷ್ಟೇ:

“ಇಲ್ಲ್ಯಾಕೆ ಕೂತಿದ್ದೀರಾ? ನಿಮ್ಮ ಜಾಗ ಅದಲ್ವಾ?”

ಎದ್ದು ಹೋಗಿ ನನ್ನ ಕುರ್ಚಿಯಲ್ಲಿ ಕುಳಿತೆ. ನೀನು ಹೋಗಿ ಎಷ್ಟೋ ಹೊತ್ತಾಯಿತು, ಇನ್ನೂ ಇಲ್ಲೇ ಕುಳಿತು ಇದನ್ನು ಬರೆಯುತ್ತಿದ್ದೇನೆ. ನಾನು ಅತ್ತ ವಿಷಯ ನಿನ್ನಪ್ಪನಿಗೆ ಹೇಳಬೇಡ, ಮತ್ತೆ ನಗುತ್ತಾರೆ.

ನೀನು ಯಾವ ಬದಿಯಿಂದ ಹೋದರೂ ಸುಖವಾಗಿ ಹೋಗಿ ಬಾ, ಕಂದಾ. ನಾನು ನನ್ನ ಜಾಗದಲ್ಲೇ ಇರುತ್ತೇನೆ.

ಇಂತಿ,
ಎಡಗಡೆ ಕುರ್ಚಿಯವಳು